ಹಸಿರು ಕಣಜ ಕಂಡ್ರೆ ಸ್ಪ್ರೇ ಹುಡುಕ್ಬೇಡಿ ಮಾರಾಯ್ರೆ

ಮಂಗಳೂರಿನ ಫ್ಲ್ಯಾಟುಗಳಲ್ಲಿ, ಹಳೇ ಹಂಚಿನ ಮನೆಯ ಬಚ್ಚಲಲ್ಲಿ ಒಮ್ಮೊಮ್ಮೆ ಗೋಡೆ ಮೇಲೆ ನೀಲಿ-ಹಸಿರು ಮಿಂಚುವ ಕಣಜ ಕಾಣ್ತದೆ, ತೊಡೆ ಮಾತ್ರ ಕೆಂಪು. ಕಣಜ ಅಂದ ಕೂಡ್ಲೇ ನಮಗೆ ತೋಟದಲ್ಲಿ ಗುಂಪಾಗಿ ಬಂದು ಕಚ್ಚುವುದೇ ನೆನಪು, ಹಾಗಾಗಿ ಸೀದಾ ಸ್ಪ್ರೇ. ಆದ್ರೆ ಇದಕ್ಕೆ ಗುಂಪೇ ಇಲ್ಲ, ಬೇಟೆಗೆ ಬಂದ ಒಂಟಿ ಹೆಣ್ಣು, ಕೈಯಲ್ಲಿ ಹಿಡಿದ್ರೆ ಚುಚ್ಚೀತು, ಇಲ್ಲದಿದ್ರೆ ನಮ್ಮ ಸುದ್ದಿಗೇ ಬರುದಿಲ್ಲ. ಅದಕ್ಕೆ ಬೇಕಾದದ್ದು ಜಿರಳೆ. ವಿಜ್ಞಾನದ ಹೆಸರು ಆಂಪ್ಯುಲೆಕ್ಸ್ ಕಂಪ್ರೆಸ್ಸಾ.

ಅದು ಮಾಡುವ ಕೆಲಸ ನೋಡಿ. ತನಗಿಂತ ದೊಡ್ಡ ಜಿರಳೆಯ ಎದೆಗೆ ಮೊದಲು ಚುಚ್ತದೆ, ಮುಂಗಾಲೆರಡೂ ಕೆಲವು ನಿಮಿಷ ಸೋತು ಹೋಗ್ತದೆ, ಅಷ್ಟರಲ್ಲಿ ಕುತ್ತಿಗೆ ಮೂಲಕ ಕೊಂಡಿ ತೂರಿಸಿ ನೇರ ಮಿದುಳಿಗೇ ವಿಷ. ಆಮೇಲೆ ಜಿರಳೆ ಸಾಯುದೂ ಇಲ್ಲ, ಕಾಲು ಬೀಳುದೂ ಇಲ್ಲ, ತಾನಾಗಿ ಎದ್ದು ಹೊರಡುವ ಮನಸ್ಸೊಂದು ಮಾತ್ರ ಹೋಗ್ತದೆ! ಇಸ್ರೇಲಿನ ಬೆನ್-ಗುರಿಯನ್ ವಿಶ್ವವಿದ್ಯಾಲಯದ ಫ್ರೆಡರಿಕ್ ಲಿಬರ್ಸಾಟ್ ಅವರ ತಂಡ ವರ್ಷಗಟ್ಟಲೆ ಇದರ ಹಿಂದೆಯೇ ಬಿದ್ದಿತ್ತು, ಕೀಟಗಳ ಮಿದುಳಲ್ಲಿ ಇರುವ ಆಕ್ಟೋಪಮೈನ್ ಅನ್ನುವ ರಾಸಾಯನಿಕದ ಹಾಗೆ ಕೆಲಸ ಮಾಡುವ ಔಷಧ ಕೊಟ್ರೆ ಅಂಥ ಜಿರಳೆ ಪುನಃ ನಡೀಲಿಕ್ಕೆ ಶುರು ಮಾಡ್ತದಂತೆ. ಕಣಜ ಜಿರಳೆಯ ಮೀಸೆ ತುಂಡು ಮಾಡಿ, ಬಂದ ರಸ ಕುಡಿದು, ಉಳಿದ ಮೀಸೆ ಕಚ್ಚಿ ಹಿಡಿದು, ಕರುವನ್ನ ಹಟ್ಟಿಗೆ ಕೊಂಡೋದ ಹಾಗೆ ಬಿಲಕ್ಕೆ ಕರ್ಕೊಂಡು ಹೋಗ್ತದೆ. ನಡುಗಾಲಿನ ಬುಡಕ್ಕೆ ಒಂದೇ ಒಂದು ಮೊಟ್ಟೆ, ಬಾಗಿಲಿಗೆ ಸಣ್ಣ ಕಲ್ಲು, ಅಲ್ಲಿಗೆ ತಾಯಿ ಕೆಲಸ ಮುಗೀತು. ಮರಿ ಜೀವಂತ ಜಿರಳೆಯ ಒಳಗೇ ಹೊಕ್ಕು ತಿಂತಾ ಬೆಳೀತದೆ, ಊಟ ಕೊಳೀದ ಹಾಗೆ ಬ್ಯಾಕ್ಟೀರಿಯಾ ಕೊಲ್ಲುವ ರಸವನ್ನೂ ತಾನೇ ಉಗುಳ್ತದೆ.

ಇದನ್ನ ಹೇಳಿದ್ರೆ ತುಂಬ ಜನ "ಛೇ, ಎಂಥ ಕ್ರೂರ" ಅಂತಾರೆ. ನಂಗೆ ಒಪ್ಪಿಗೆ ಇಲ್ಲ. ಆ ಮರಿಗೆ ಬೇರೆ ಊಟ ಉಂಟಾ ಹೇಳಿ? ಜಿರಳೆಯೂ ಸುಮ್ನೆ ಬಲಿ ಆಗುದಿಲ್ಲ, ಮುಳ್ಳಿನ ಹಿಂಗಾಲಲ್ಲಿ ಕಣಜದ ತಲೆಗೇ ಒದ್ದು ಎಷ್ಟೋ ಸಲ ಬಚಾವಾಗ್ತದೆ ಅಂತ 2018ರಲ್ಲಿ ಅಮೆರಿಕದ ಜೀವವಿಜ್ಞಾನಿ ಕೆನ್ ಕಟಾನಿಯಾ ವಿಡಿಯೋ ಸಮೇತ ತೋರಿಸಿದ್ರು.

ಇನ್ನು ಕೆಲವರು ಜಿರಳೆ ಕಂಟ್ರೋಲ್ ಆಗ್ತದೆ ಬಿಡಿ ಅಂತ ಇದರ ಪರ ಮಾತಾಡ್ತಾರೆ. ಅದೂ ಆಗುದಿಲ್ಲ. 1941ರಲ್ಲಿ ಅದಕ್ಕಂತಲೇ ಇದನ್ನ ಹವಾಯಿಗೆ ಕೊಂಡೋಗಿ ಬಿಟ್ಟಿದ್ರು, ಜಿರಳೆ ಮುಗೀಲಿಲ್ಲ, ಒಂದು ಮೊಟ್ಟೆಗೆ ಒಂದು ಜಿರಳೆ ಅಂದ್ರೆ ಎಷ್ಟು ಕಡಿಮೆ ಆದೀತು. ಆದ್ರೆ ನಮಗೆ ಲಾಭ ಇದ್ರೆ ಮಾತ್ರ ಅದಕ್ಕೆ ನಮ್ಮ ಗೋಡೆ ಮೇಲೆ ಕೂರುವ ಹಕ್ಕಾ? ಇಷ್ಟು ನಾಜೂಕಿನ ಕೆಲಸ ಯಾರೂ ಕಲಿಸದೆ ಮಾಡುವ ಜೀವ ಅದು, ನಂಗೆ ಅಷ್ಟೇ ಸಾಕು.

ಬಚ್ಚಲಲ್ಲಿ ಕಂಡ್ರೆ ಕಿಟಕಿ ತೆಗೆದಿಡಿ, ಮಕ್ಕಳಿದ್ರೆ ದೂರದಿಂದ ತೋರಿಸಿ. ಜಿರಳೆ ಎಳ್ಕೊಂಡು ಹೋಗ್ತಾ ಇದ್ರೆ ಪೊರಕೆ ತರ್ಬೇಡಿ, ಸಾಧ್ಯ ಆದ್ರೆ ವಿಡಿಯೋ ಮಾಡಿ ನಂಗೂ ಕಳಿಸಿ.