ಏರ್‌ಗನ್‌ಗೂ ಒಂದು ಬೀಗ ಇರಲಿ

ಮೊನ್ನೆ ನಮ್ಮ ಮನೆಯವರ ವಾಟ್ಸಾಪ್ ಗುಂಪಿಗೆ ತಮ್ಮನ ಮಗ ಒಂದು ವಿಡಿಯೊ ಹಾಕಿದ. ನಾಪೋಕ್ಲು ಹತ್ತಿರದ ನಮ್ಮ ತೋಟ. ಬೈಕ್ ಹೆಲ್ಮೆಟ್ಟಿನ ಗಲ್ಲದ ಮೇಲೆ ಆಕ್ಷನ್ ಕ್ಯಾಮೆರಾ ಅಂಟಿಸಿಕೊಂಡು, ಕೈಯಲ್ಲಿ ಏರ್‌ಗನ್ ಹಿಡಿದು ಕಾಫಿ ಗಿಡಗಳ ಸಾಲಿನಲ್ಲಿ ನಡೆಯುತ್ತಾನೆ. ಕಿತ್ತಳೆ ಮರದ ಮೇಲಿನ ಮಂಗಕ್ಕೆ ಗುರಿ ಇಡುತ್ತಾನೆ. ಮಂಗ ಹಾರಿ ಹೋಗುತ್ತದೆ. ಅವನು ಕ್ಯಾಮೆರಾಗೆ ಮಾತಾಡುತ್ತಾ ತಿರುಗುತ್ತಾನೆ, ಅವನ ಜೊತೆ ನಳಿಗೆಯೂ ತಿರುಗುತ್ತದೆ, ಅಲ್ಲೇ ಕೂತು ಮೆಣಸು ಹೆಕ್ಕುತ್ತಿದ್ದ ಅವನ ತಂಗಿಯ ಮುಖದ ಮುಂದೆ ಹಾದು ಹೋಗುತ್ತದೆ. ಅವನಿಗೆ ಇನ್ನೂ ಹದಿನಾಲ್ಕು. ಗುಂಪಿನಲ್ಲಿ ಎಲ್ಲರೂ ಚಪ್ಪಾಳೆ ಒತ್ತಿದರು. ನಾನು ಮಾತ್ರ "ಯಾರ ಕಡೆಗೂ ನಳಿಗೆ ತಿರುಗಿಸಬಾರದು ಅಂತ ಇವನಿಗೆ ಯಾರೂ ಹೇಳಿಲ್ವಾ?" ಅಂತ ಬರೆದೆ. ಮಾವನ ಉತ್ತರ ಕೂಡಲೇ ಬಂತು. "ವಿಮಾನದಿಂದ ಹಾರುವವಳು ನೀನು. ಇದು ಮಕ್ಕಳು ಆಡುವ ಏರ್‌ಗನ್. ಕೊಡಗಿನವರಿಗೆ ಕೋವಿ ಪಾಠ ಹೇಳ್ಬೇಡ."

ಮಾತು ಚುಚ್ಚಿತು. ಸಣ್ಣವಳಲ್ಲಿ ನನಗೆ ಕೋವಿ ಪಾಠ ಆಗಿದ್ದೇ ಆ ಮನೆಯಲ್ಲಿ, ಅದೇ ಮಾವನ ಎದುರಿನಲ್ಲಿ.

ಅಪ್ಪನ ಜೋಡಿ ನಳಿಗೆ ಕೋವಿ ಒಂದು ಕಡೆ, ತೋಟಾ ಇನ್ನೊಂದು ಕಡೆ ಇರುತ್ತಿತ್ತು. ತೋಟಾ ಇಟ್ಟ ಅಲ್ಮೇರಾದ ಕೀ ಅಪ್ಪನ ಹತ್ತಿರ ಮಾತ್ರ. ತೋಟದಿಂದ ಬಂದರೆ ಗೇಟಿನ ಹತ್ತಿರವೇ ಕೋವಿ ಮಡಚಿ, ತೋಟಾ ತೆಗೆದು, ನಳಿಗೆಯ ಒಳಗೆ ಬೆಳಕು ನೋಡಿ, ಆಮೇಲೆ ಅಂಗಳಕ್ಕೆ ಕಾಲಿಡುತ್ತಿದ್ದರು. ಖಾಲಿ ಕೋವಿಯನ್ನೂ ಮನುಷ್ಯರ ಕಡೆ ಹಿಡಿಯುವಂತಿಲ್ಲ. ನೆಲದ ಮೇಲಿದ್ದ ಕೋವಿಯನ್ನು ದಾಟುವಂತಿಲ್ಲ. ಒಮ್ಮೆ ದೊಡ್ಡಪ್ಪನ ಮಗ ತಮಾಷೆಗೆ ಅಂತ ಖಾಲಿ ಕೋವಿ ಎತ್ತಿ ನಮ್ಮ ಕಡೆ ತೋರಿಸಿದ. ಆ ವರ್ಷ ಆಯುಧಗಳಿಗೆ ಪೂಜೆ ಮಾಡುವ ಕೈಲ್ ಮುಹೂರ್ತದ ದಿನ ತೆಂಗಿನಕಾಯಿಗೆ ಗುಂಡು ಹೊಡೆಯುವಾಗ ಅವನ ಸರದಿ ಬರಲೇ ಇಲ್ಲ. ಯಾರೂ ಬೈಯಲಿಲ್ಲ, ಕೋವಿ ಕೈಗೆ ಕೊಡಲಿಲ್ಲ ಅಷ್ಟೇ. ಅವನು ಇವತ್ತಿಗೂ ಅದನ್ನು ಮರೆತಿಲ್ಲ.

ಇಷ್ಟು ಶಿಸ್ತು ಇರುವ ಮನೆಯಲ್ಲೇ ಏರ್‌ಗನ್ ಮಾತ್ರ ಕೊಡೆಯ ಜೊತೆ ಜಗಲಿಯ ಮೂಲೆಯಲ್ಲಿ ಒರಗಿರುತ್ತದೆ. ಪೆಲೆಟ್, ಅಂದರೆ ಅದರ ಸಣ್ಣ ಸೀಸದ ಗುಂಡುಗಳ ಡಬ್ಬಿ ಕಿಟಕಿಯ ಮೇಲೆ. ಯಾರು ಬೇಕಾದರೂ ಎತ್ತಬಹುದು. ನನ್ನ ಸಿಟ್ಟು ಇರುವುದು ಇಲ್ಲಿ.

ನಾನೀಗ ಇರುವುದು ಸ್ಕಾಟ್ಲೆಂಡಿನ ಸ್ಟರ್ಲಿಂಗ್‌ನಲ್ಲಿ. ಮಳೆ, ಮಂಜು, ಗುಡ್ಡ, ಎಲ್ಲ ನಮ್ಮ ಕಡೆಯ ಹಾಗೆಯೇ, ಬಿಸಿಲು ಮಾತ್ರ ಇನ್ನೂ ಕಡಿಮೆ. ಇಲ್ಲಿ ಏರ್‌ಗನ್ ಇಟ್ಟುಕೊಳ್ಳಲು ಪೊಲೀಸರಿಂದ ಸರ್ಟಿಫಿಕೇಟ್ ತೆಗೆದುಕೊಳ್ಳಬೇಕು. 2005ರ ಮಾರ್ಚ್‌ನಲ್ಲಿ ಗ್ಲಾಸ್ಗೋದಲ್ಲಿ ಎರಡು ವರ್ಷದ ಮಗುವೊಂದು ತಲೆಗೆ ಏರ್‌ಗನ್ ಪೆಲೆಟ್ ತಗುಲಿ ತೀರಿಕೊಂಡಿತು. ಆ ಮಗುವಿನ ಮನೆಯವರು ವರ್ಷಗಟ್ಟಲೆ ಬಿಡದೆ ಕೇಳಿದರು. 2015ರಲ್ಲಿ ಸ್ಕಾಟ್ಲೆಂಡಿನ ಪಾರ್ಲಿಮೆಂಟು ಕಾಯ್ದೆ ಮಾಡಿತು, 2016ರ ಡಿಸೆಂಬರ್ 31ರಿಂದ ಅದು ಜಾರಿಗೆ ಬಂತು. ಯಾಕೆ ಬೇಕು ಅಂತ ಸರಿಯಾದ ಕಾರಣ ಕೊಡಬೇಕು. ತೋಟದ ಕೀಟಲೆ ಪ್ರಾಣಿಗೆ ಅಂದರೆ ಯಾರ ಜಾಗ, ಅವರ ಒಪ್ಪಿಗೆ ಇದೆಯಾ ಅಂತ ಕೇಳುತ್ತಾರೆ. ಸರ್ಟಿಫಿಕೇಟ್ ಇಲ್ಲದೆ ಇಟ್ಟುಕೊಂಡರೆ ಎರಡು ವರ್ಷದವರೆಗೆ ಜೈಲು ಆಗಬಹುದು. ಕಾಯ್ದೆ ಜಾರಿಗೆ ಬರುವ ಮುಂಚೆ ಬೇಡವಾದ ಏರ್‌ಗನ್ ತಂದುಕೊಡಿ ಅಂತ ಪೊಲೀಸರು ಕರೆ ಕೊಟ್ಟಾಗ ಜನ ಸುಮಾರು 11,000 ಏರ್‌ಗನ್‌ಗಳನ್ನು ಠಾಣೆಗೆ ಒಪ್ಪಿಸಿದರು. ಹತ್ತಿರದಲ್ಲೇ ಡನ್‌ಬ್ಲೇನ್ ಇದೆ. 1996ರಲ್ಲಿ ಅಲ್ಲಿನ ಶಾಲೆಯೊಂದರಲ್ಲಿ 16 ಮಕ್ಕಳು ಮತ್ತು ಒಬ್ಬರು ಟೀಚರ್ ಗುಂಡಿಗೆ ಬಲಿಯಾದರು. ಈ ಕಡೆಯ ಜನಕ್ಕೆ ಕೋವಿ ಅಂದರೆ ಆ ನೆನಪೇ ಮೊದಲು ಬರುವುದು. ಅದಕ್ಕೇ ಏರ್‌ಗನ್ ವಿಷಯದಲ್ಲೂ ಅವರು ನಗುವುದಿಲ್ಲ.

ಇನ್ನು ಮಾವ ಹೇಳಿದ ವಿಮಾನದ ಮಾತು. ಹೌದು, ನಾನು ಸ್ಕೈಡೈವಿಂಗ್ ಮಾಡುತ್ತೇನೆ. ಹುಚ್ಚು ಧೈರ್ಯ ಅಂತ ಊರಿನಲ್ಲಿ ಅಂದುಕೊಂಡಿದ್ದಾರೆ. ಅಲ್ಲಿ ಧೈರ್ಯದ ಕೆಲಸ ಸ್ವಲ್ಪವೇ, ಜಾಸ್ತಿ ಇರುವುದು ಪರಿಶೀಲನೆ. ಕ್ಯಾಮೆರಾದ ಒಂದು ವಿಷಯ ಹೇಳಿದರೆ ಸಾಕು. ತಲೆ ಮೇಲೆ ಒಂದು ಪುಟ್ಟ ಕ್ಯಾಮೆರಾ ಹಾಕಿಕೊಂಡು ಹಾರಬೇಕಾದರೆ ಮೊದಲು 200 ಜಿಗಿತ ಆಗಿರಬೇಕು ಅಂತ ಅಮೆರಿಕದ ಸ್ಕೈಡೈವಿಂಗ್ ಸಂಸ್ಥೆ ಹೇಳುತ್ತದೆ. ನಮ್ಮ ಕ್ಲಬ್ಬಿನಲ್ಲೂ ಹಾಗೇ ಪಾಲಿಸುತ್ತಾರೆ. ಹೊಸಬರು ಎಷ್ಟು ಗೋಗರೆದರೂ ಬಿಡುವುದಿಲ್ಲ. ಬೆಂಕಿಪೊಟ್ಟಣದಷ್ಟಿರುವ ಕ್ಯಾಮೆರಾಗೆ ಇಷ್ಟೆಲ್ಲಾ ಯಾಕೆ ಅನ್ನಿಸುತ್ತದೆ, ಅಲ್ವಾ?

ಕಾರಣ ಇದೆ. ಗಂಟೆಗೆ ಸುಮಾರು 190 ಕಿ.ಮೀ. ವೇಗದಲ್ಲಿ ಬೀಳುತ್ತಿರುವಾಗ ಪ್ಯಾರಾಚೂಟ್ ತೆರೆದುಕೊಳ್ಳುತ್ತದೆ. ಆ ಹೊತ್ತಿನಲ್ಲಿ ಹೆಲ್ಮೆಟ್ ಮೇಲೆ ಚಾಚಿಕೊಂಡಿರುವ ಯಾವುದಕ್ಕಾದರೂ ಹಗ್ಗ ಸಿಕ್ಕಿಕೊಂಡರೆ ಕತ್ತು ಹೋಯಿತು, ಇಲ್ಲವೇ ಪ್ಯಾರಾಚೂಟ್ ಹೋಯಿತು. ಹಾಗಾಗಿ ಮಳೆ ಬಂದು ವಿಮಾನ ನಿಂತ ದಿನ ನಮ್ಮವರ ಮಾತೆಲ್ಲ ಹೆಲ್ಮೆಟ್ಟಿನ ಸುತ್ತ. ನೆತ್ತಿಯ ಮೇಲೆ ಕ್ಯಾಮೆರಾ ಇಟ್ಟರೆ ಚಿತ್ರ ಚೆನ್ನಾಗಿ ಬರುತ್ತದೆ, ಆದರೆ ಹಗ್ಗಕ್ಕೆ ಸಿಗುವುದೂ ಸುಲಭ, ಪ್ಯಾರಾಚೂಟ್ ಬಿಚ್ಚುವಾಗ ಭಾರ ಪೂರ್ತಿ ಕತ್ತಿನ ಮೇಲೆ. ಗಲ್ಲದ ಹತ್ತಿರ ಇಟ್ಟರೆ ಭಾರ ತಲೆಗೆ ಹತ್ತಿರ, ಆದರೆ ಕೆಳಗೆ ಎದೆಯ ಮೇಲೆ ತುರ್ತಿಗೆ ಎಳೆಯುವ ಹಿಡಿಕೆ ನೋಡಲು ಅಡ್ಡ ಬರುತ್ತದಾ ಅಂತ ಮೊದಲೇ ನೋಡಿಕೊಳ್ಳಬೇಕು. ಆಸ್ಟ್ರೇಲಿಯಾದ ಕುಕಿ ಕಂಪನಿಯ ಫ್ಯೂಯೆಲ್ ತೆರೆದ ಮುಖದ ಹೆಲ್ಮೆಟ್, ಕ್ಯಾಮೆರಾ ಹಾಕುವವರಿಗೆ ಅಂತಲೇ ಮಾಡಿದ್ದು. ಅದೇ ಕಂಪನಿಯ ಜಿ4 ಪೂರ್ತಿ ಮುಖ ಮುಚ್ಚುತ್ತದೆ, ಪೆಟ್ಟು ತಡೆಯುವ ಪರೀಕ್ಷೆಯನ್ನೂ ಪಾಸಾಗಿದೆ. ಇಟಲಿಯ ಟಾನ್‌ಫ್ಲೈ ಇಷ್ಟಪಡುವವರು ಬೇರೆ. ಯಾವುದೇ ಆಗಲಿ, ನಮ್ಮ ಕ್ಲಬ್ಬಿನ ಹಿರಿಯರು ಮೊದಲು ಕೇಳುವುದು ಒಂದೇ: ಹಗ್ಗ ಸಿಕ್ಕಿದರೆ ಒಂದೇ ಎಳೆತಕ್ಕೆ ಇದು ಬಿಚ್ಚಿಕೊಳ್ಳುತ್ತದಾ? ಹಾಗೆ ಬಿಚ್ಚುವ ಪಟ್ಟಿಯನ್ನು ಕಣ್ಣುಮುಚ್ಚಿ ಎಳೆದು ತೋರಿಸಬೇಕು. ಬಣ್ಣ, ಬೆಲೆ ಎಲ್ಲ ಆಮೇಲೆ.

ಹಗ್ಗಕ್ಕಿಂತ ದೊಡ್ಡ ಅಪಾಯ ಗಮನ ಬೇರೆ ಕಡೆ ಹೋಗುವುದು. 1988ರಲ್ಲಿ ಅಮೆರಿಕದ ನಾರ್ತ್ ಕೆರೊಲಿನಾದಲ್ಲಿ 800ಕ್ಕೂ ಹೆಚ್ಚು ಸಲ ಹಾರಿದ್ದ ಅನುಭವಿಯೊಬ್ಬರು ಬೇರೆಯವರ ಜಿಗಿತ ಚಿತ್ರೀಕರಿಸಲು ಕ್ಯಾಮೆರಾ ಸಜ್ಜು ಮಾಡಿಕೊಂಡು ವಿಮಾನದಿಂದ ಹಾರಿದರು. ಬೆನ್ನ ಮೇಲೆ ಪ್ಯಾರಾಚೂಟೇ ಇರಲಿಲ್ಲ. ಅವರ ಮನಸ್ಸು ಕ್ಯಾಮೆರಾದ ಮೇಲಿತ್ತು ಅಂತಲೇ ಎಲ್ಲರೂ ಹೇಳುತ್ತಾರೆ. ಈ ಕಥೆ ಕೇಳಿದ ಮೇಲೆ 200 ಜಿಗಿತದ ನಿಯಮದ ಬಗ್ಗೆ ನನಗೆ ಯಾವ ತಕರಾರೂ ಉಳಿಯಲಿಲ್ಲ. ನಮ್ಮ ಹುಡುಗನ ವಿಡಿಯೊದಲ್ಲಿ ನನಗೆ ಕಂಡಿದ್ದೂ ಅದೇ. ಅವನು ಕೆಟ್ಟ ಹುಡುಗ ಅಲ್ಲ. ಗುರಿಯೂ ಚೆನ್ನಾಗಿದೆ. ಅವನ ಗಮನ ಕ್ಯಾಮೆರಾದ ಮೇಲಿತ್ತು, ಕೈಯಲ್ಲಿ ತುಂಬಿದ ಏರ್‌ಗನ್ ಇತ್ತು, ಎದುರಿಗೆ ತಂಗಿ ಇದ್ದಳು.

ಮಕ್ಕಳ ಏರ್‌ಗನ್ ಅನ್ನುತ್ತಾರಲ್ಲ, ಅದರಿಂದ ಹೊರಡುವುದು ಅರ್ಧ ಗ್ರಾಂ ಸೀಸ, ಜೋರಿನದ್ದಾದರೆ ಸೆಕೆಂಡಿಗೆ 250 ಮೀಟರ್ ವೇಗದಲ್ಲಿ. ನಮ್ಮ ದೇಶದ 2016ರ ಆರ್ಮ್ಸ್ ರೂಲ್ಸ್ ಪ್ರಕಾರ 4.5 ಮಿ.ಮೀ. ನಳಿಗೆಯ, ಹೊಡೆತದ ಶಕ್ತಿ 20 ಜೂಲ್ ದಾಟದ ಏರ್‌ಗನ್‌ಗೆ ಲೈಸೆನ್ಸ್ ಬೇಡ. ಲೈಸೆನ್ಸ್ ಕೇಳದ ಇಂಗ್ಲೆಂಡಿನಲ್ಲೂ ಏರ್ ರೈಫಲ್‌ಗೆ ಮಿತಿ ಸುಮಾರು 16 ಜೂಲ್, ಅಂದರೆ ನಮ್ಮದು ಅದಕ್ಕಿಂತ ಸಡಿಲ. ಒಂದು ಕಣ್ಣು ಕಳೆಯಲು ಇದರಲ್ಲಿ ಸಣ್ಣ ಪಾಲು ಸಾಕು. ತಮ್ಮನನ್ನು ಕೇಳಿದೆ, ಅಂಗಡಿಯವನು ಏನು ಹೇಳಿದ ಅಂತ. ಗುರುತಿನ ಚೀಟಿಯ ಜೆರಾಕ್ಸ್ ತಗೊಂಡ, ಒಂದು ಡಬ್ಬಿ ಪೆಲೆಟ್ ಫ್ರೀ ಕೊಟ್ಟ, ಅಷ್ಟೇ ಅಂದ.

ಆಮೇಲೆ ಮಾವನಿಗೆ ನಾನೇ ಫೋನ್ ಮಾಡಿದೆ. ಜಗಳ ಉಳಿಸಿಕೊಳ್ಳುವುದು ನನಗೆ ಇಷ್ಟವಿಲ್ಲ. ಅವರು ತಮ್ಮ ಮನಸ್ಸಿನಲ್ಲಿದ್ದುದನ್ನು ಆಗ ಹೇಳಿದರು. "ಇವತ್ತು ಏರ್‌ಗನ್‌ಗೆ ಕಾಗದ ಕೇಳ್ತಾರೆ. ನಾಳೆ ಕೋವಿಗೆ ಬರ್ತಾರೆ. ನಮ್ಮವರೇ ಬಾಗಿಲು ತೆಗೆದುಕೊಡಬೇಕಾ?" ಈ ಭಯ ನನಗೆ ಅರ್ಥವಾಗುತ್ತದೆ. 1861ರಲ್ಲಿ ಬ್ರಿಟಿಷರ ಕಾಲದಲ್ಲಿ ಸಿಕ್ಕ ವಿನಾಯಿತಿ ಅದು. ಕೊಡವರಿಗೆ, ಜಮ್ಮಾ ಅನ್ನುವ ವಂಶಪಾರಂಪರ್ಯ ಭೂಮಿಯ ಹಿಡುವಳಿದಾರರಿಗೆ ಲೈಸೆನ್ಸ್ ಇಲ್ಲದೆ ಕೋವಿ ಇಟ್ಟುಕೊಳ್ಳುವ ಆ ಹಕ್ಕನ್ನು ಕೇಂದ್ರ ಸರ್ಕಾರ 2019ರಲ್ಲಿ ಇನ್ನೂ ಹತ್ತು ವರ್ಷಕ್ಕೆ, 2029ರವರೆಗೆ ಮುಂದುವರಿಸಿತು. ಅದನ್ನು ಪ್ರಶ್ನಿಸಿದವರಿದ್ದರು. 2021ರಲ್ಲಿ ಹೈಕೋರ್ಟ್ ವಿನಾಯಿತಿಯನ್ನು ಎತ್ತಿಹಿಡಿಯಿತು. ಇಷ್ಟೆಲ್ಲ ಆದ ಮೇಲೆ ಕೋವಿಯ ಬಗ್ಗೆ ಯಾರು ಬಾಯಿ ತೆರೆದರೂ ನಮ್ಮವರಿಗೆ ಅನುಮಾನ ಬರುವುದು ಸಹಜ.

ಆದರೆ ನನ್ನ ಲೆಕ್ಕ ಮಾವನ ಲೆಕ್ಕಕ್ಕೆ ಉಲ್ಟಾ. 2029 ಏನೂ ದೂರ ಇಲ್ಲ. ಅಷ್ಟರೊಳಗೆ ನಮ್ಮ ತೋಟಗಳಲ್ಲಿ ಒಂದು ಮಗುವಿನ ಕಣ್ಣು ಹೋದರೆ, ತೋಟದ ಕಾರ್ಮಿಕರ ಲೈನ್ ಮನೆಯ ಒಂದು ಮಗು ಸತ್ತರೆ, ಅದು ಏರ್‌ಗನ್ನಾ ಕೋವಿಯಾ ಅಂತ ದಿಲ್ಲಿಯಲ್ಲಿ ಕೂತವರು ಬಿಡಿಸಿ ನೋಡುತ್ತಾರಾ? ಕೊಡಗಿನವರಿಗೆ ಕೋವಿ ಕೊಟ್ಟರೆ ಹೀಗೇ ಅನ್ನುತ್ತಾರೆ. ನಾವು ಶಿಸ್ತಿನವರು ಅನ್ನುವ ಹೆಸರಿನ ಮೇಲೆ ತಾನೇ ಈ ವಿನಾಯಿತಿ ನಿಂತಿರುವುದು? ಆ ಶಿಸ್ತು ಏರ್‌ಗನ್ ಬಳಿ ಬಂದಾಗ ಯಾಕೆ ನಿಲ್ಲಬೇಕು?

ಅರುಣಾಚಲ ಪ್ರದೇಶ ನೋಡಿ. ಅಲ್ಲೂ ಬೇಟೆ ಜನರ ಬದುಕಿನ ಭಾಗ. 2021ರ ಮಾರ್ಚ್‌ನಲ್ಲಿ ಪೂರ್ವ ಕಾಮೆಂಗ್ ಜಿಲ್ಲೆಯ ಲುಮ್ಡುಂಗ್‌ನಲ್ಲಿ ಏರ್‌ಗನ್ ಒಪ್ಪಿಸುವ ಅಭಿಯಾನ ಶುರುವಾಯಿತು. ಹಕ್ಕಿಗಳು ಉಳಿಯಲಿ ಅಂತ ಜನ ತಾವಾಗಿಯೇ ತಂದುಕೊಟ್ಟರು, ಮುಂದೆ ಆ ಸಂಖ್ಯೆ ಸಾವಿರ ದಾಟಿತು. ನಮ್ಮಲ್ಲೂ ಏರ್‌ಗನ್ನಿನಿಂದ ಮೊದಲು ಸಾಯುವುದು ಹಕ್ಕಿಗಳೇ. ಅದು ವನ್ಯಜೀವಿ ಕಾಯ್ದೆಯಲ್ಲಿ ಅಪರಾಧ ಅಂತ ಗೊತ್ತಿದ್ದೂ ಹುಡುಗರು ಅತ್ತಿಮರದ ಕೆಳಗೆ ಕೂರುತ್ತಾರೆ, ಸತ್ತ ಹಸಿರು ಪಾರಿವಾಳದ ಫೋಟೊ ಹಾಕುತ್ತಾರೆ, ಹಿರಿಯರು ನೋಡಿ ಸುಮ್ನೆ ಇರುತ್ತಾರೆ. ಒಪ್ಪಿಸಿ ಅಂತ ನಾನು ಕೇಳುತ್ತಿಲ್ಲ. ನಮ್ಮ ಐನ್‌ಮನೆಗಳಲ್ಲಿ, ಅಂದರೆ ಕುಟುಂಬದ ಮೂಲ ಮನೆಗಳಲ್ಲಿ, ಹಿರಿಯರು ಕೂತು, ಹದಿನೆಂಟು ಆಗದವರು ದೊಡ್ಡವರಿಲ್ಲದೆ ಏರ್‌ಗನ್ ಮುಟ್ಟಬಾರದು, ಪೆಲೆಟ್ ತೋಟಾದ ಅಲ್ಮೇರಾದಲ್ಲೇ ಇರಬೇಕು, ಕೈಲ್ ಮುಹೂರ್ತಕ್ಕೆ ಅದನ್ನೂ ಒರೆಸಿ, ಕೋವಿಗೆ ಇಡುವ ತೋಕ್ ಪೂ ಹೂವನ್ನು ಇಟ್ಟು ಕೋವಿಯ ಸಾಲಿನಲ್ಲೇ ಇಡಬೇಕು ಅಂತ ಒಂದು ಮಾತು ಹೇಳಿದರೆ ಸಾಕು. ಒಮ್ಮೆ ಆ ಸಾಲಿಗೆ ಬಂದ ವಸ್ತುವನ್ನು ಯಾವ ಹುಡುಗನೂ ಕೊಡೆಯ ಜೊತೆ ಒರಗಿಸುವುದಿಲ್ಲ. ಸರ್ಕಾರದ ಕಾಗದಕ್ಕಿಂತ ಇದು ನಮ್ಮಲ್ಲಿ ಜಾಸ್ತಿ ನಡೆಯುತ್ತದೆ.

ಸ್ಕಾಟ್ಲೆಂಡಿನ ಕಾಯ್ದೆಯನ್ನು ಹಾಗೇ ತಂದು ಮಡಿಕೇರಿಯಲ್ಲಿ ಹಾಕಿ ಅಂತಲೂ ನಾನು ಹೇಳಲಾರೆ. ಸ್ಕಾಟ್ಲೆಂಡಿನ ರೈತರೇ ಗೊಣಗುತ್ತಾರೆ. ಕಾಡುಪಾರಿವಾಳ ಓಡಿಸಲು ಅಜ್ಜನ ಕಾಲದ ಏರ್‌ಗನ್ ಇಟ್ಟುಕೊಂಡಿದ್ದ ನಮ್ಮ ಪಕ್ಕದ ಮನೆಯ ಮುದುಕರು ಫಾರ್ಮು, ಫೀಸು, ಪೊಲೀಸರ ವಿಚಾರಣೆ ಬೇಡವೇ ಬೇಡ ಅಂತ ಅದನ್ನು ಠಾಣೆಗೆ ಕೊಟ್ಟು ಬಂದರು. ಬೇಜಾರು ಅವರಿಗೆ ಇನ್ನೂ ಇದೆ. ಕೆಟ್ಟ ಉದ್ದೇಶ ಇದ್ದವನು ಫಾರ್ಮು ತುಂಬುವುದಿಲ್ಲ, ಅದೂ ನಿಜ.

ಮಂಗಗಳ ವಿಷಯವೂ ಇದೆ. ನನ್ನ ತಮ್ಮ ವರ್ಷವಿಡೀ ನೋಡಿಕೊಂಡ ಕಿತ್ತಳೆಯನ್ನು ಒಂದು ಹಿಂಡು ಬಂದು ಒಂದು ಬೆಳಗ್ಗೆಯಲ್ಲಿ ಮುಗಿಸುತ್ತದೆ. ಬಾಳೆ ಬಿಡುವುದಿಲ್ಲ, ಏಲಕ್ಕಿ ಬಿಡುವುದಿಲ್ಲ. ರಾತ್ರಿ ಆನೆ, ಹಗಲು ಮಂಗ, ನಡುವೆ ಆಳು ಸಿಗುವುದಿಲ್ಲ. ಪಟಾಕಿಗೆ ಅವು ಈಗ ಹೆದರುವುದಿಲ್ಲ, ಏರ್‌ಗನ್ ಎತ್ತಿ ತೋರಿಸಿದರೆ ಓಡುತ್ತವೆ, ಹೊಡೆಯುವುದೂ ಬೇಕಾಗಿಲ್ಲ ಅಂತ ಅವನು ಹೇಳಿದ. "ನೀನು ಅಲ್ಲಿ ಕೂತು ಹೇಳ್ತೀಯ ಅಕ್ಕ, ಇಲ್ಲಿ ನಿಂತು ತೋಟ ಕಾಯುವವನು ನಾನು" ಅಂದ. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಅವನ ಕೈಯಿಂದ ಏರ್‌ಗನ್ ಕಿತ್ತುಕೊಳ್ಳುವ ಕಾಯ್ದೆ ಬಂದರೆ ಆ ನಷ್ಟ ತುಂಬುವವರು ಯಾರು ಅನ್ನುವುದನ್ನೂ ಆ ಕಾಯ್ದೆಯೇ ಹೇಳಬೇಕು.

ಏರ್‌ಗನ್ ತಮ್ಮನ ಕೈಯಲ್ಲಿರಲಿ. ಕೆಲಸ ಮುಗಿದ ಮೇಲೆ ಅದಕ್ಕೆ ಬೀಗ ಹಾಕಿ ಕೀಯನ್ನು ಜೇಬಿಗೆ ಹಾಕಿಕೊಳ್ಳುವುದಕ್ಕೆ ಯಾವ ಮಂಗವೂ ಅಡ್ಡ ಬರುವುದಿಲ್ಲ.