ಐದು ಗಂಟೆಗೆ ಕರಣೆ ತೊಳೆಯುವವರು

ಹೋದ ಬೇಸಗೆಯಲ್ಲಿ ಹಿತ್ತಿಲ ಕೊಟ್ಟಿಗೆಯ ಒಂದು ಗೋಡೆ ಕಟ್ಟಿಸಿದೆವು. ಕಾಸರಗೋಡಿನ ಬದಿಯಡ್ಕದ ಕಡೆಯ ಮೇಸ್ತ್ರಿ, ಜೊತೆಗೆ ಕಲ್ಲು ಹೊರಲಿಕ್ಕೆ ಇಬ್ಬರು. ಮೊದಲ ದಿನ ಸಂಜೆ ಐದಕ್ಕೆ ಸರಿಯಾಗಿ ಮೇಸ್ತ್ರಿ ಕರಣೆಯನ್ನು ಬಕೆಟಿನ ನೀರಿಗೆ ಅದ್ದಿ, ತೆಂಗಿನ ಸಿಪ್ಪೆಯಲ್ಲಿ ತಿಕ್ಕಿ ತೊಳೆಯತೊಡಗಿದರು. ಬೆಳಕು ಬೇಕಾದಷ್ಟಿತ್ತು. ಇನ್ನೆರಡು ಸಾಲು ಕೆಂಪುಕಲ್ಲು ಇಟ್ಟಿದ್ದರೆ ಗೋಡೆ ಕಿಟಕಿ ಮಟ್ಟಕ್ಕೆ ಬರುತ್ತಿತ್ತು. ಬೆಂಗಳೂರಿನ ಚಾಳಿ ಬಿಡಬೇಕಲ್ಲ, "ಎರಡೇ ಸಾಲಲ್ಲವಾ, ಮುಗಿಸಿಬಿಡಿ" ಅಂದೆ.

"ಕಲ್ಲು ನಾಳೆಯೂ ಇಲ್ಲೇ ಇರ್ತದೆ ಅಣ್ಣಾ" ಅಂದರು, ಕರಣೆ ಒರೆಸುತ್ತ. ಐದೂಕಾಲಕ್ಕೆ ಅಂಗಿ ಬದಲಿಸಿ, ತಲೆ ಬಾಚಿ, ಬಸ್ಸಿಗೆ ನಡೆದರು. ನಾನು ಒಳಗೆ ಬಂದು ಲ್ಯಾಪ್‌ಟಾಪ್ ತೆರೆದೆ. ಮುಚ್ಚಿದ್ದು ರಾತ್ರಿ ಹತ್ತೂವರೆಗೆ.

ಹನ್ನೊಂದು ವರ್ಷ ಬೆಂಗಳೂರಿನಲ್ಲಿದ್ದು 2020ರ ಲಾಕ್‌ಡೌನಿನಲ್ಲಿ ಊರಿಗೆ ಬಂದವನು ಹಾಗೇ ಉಳಿದುಬಿಟ್ಟೆ. ಕೆಲಸ ಮಾತ್ರ ಈಗಲೂ ಅಲ್ಲಿಯದ್ದೇ. ನಮ್ಮನ್ನು ಹೊರನಾಡ ಕನ್ನಡಿಗರು ಅಂದರೆ ಅಮ್ಮನಿಗೆ ನಗು. 1956ರಲ್ಲಿ ರಾಜ್ಯಗಳನ್ನು ವಿಂಗಡಿಸಿ ತಲಪಾಡಿಯಲ್ಲಿ ಯಾರೋ ಗೆರೆ ಎಳೆದರು, ನಮ್ಮೂರು ಕೇರಳಕ್ಕೆ ಹೋಯಿತು, ಅಜ್ಜ ಅದೇ ತೋಟದಲ್ಲಿ ಅಡಕೆ ಹೆಕ್ಕುತ್ತಿದ್ದರಂತೆ. ಇರಲಿ. ಗೆರೆಯ ಈಚೆ ಕೂತು ಆಚೆಯ ಕೆಲಸ ಮಾಡುವವನಿಗೆ ಎರಡೂ ಕಡೆಯ ಕ್ರಮ ದಿನಾ ಕಣ್ಣಿಗೆ ಬೀಳುತ್ತದೆ.

ಆಚೆ ಕಡೆ ಕೆಲವು ವರ್ಷಗಳಿಂದ ಕೇಳಿಬರುವುದು ಗಂಟೆ ಹೆಚ್ಚಿಸುವ ಮಾತೇ. 2023ರಲ್ಲಿ ಕರ್ನಾಟಕ ಕಾರ್ಖಾನೆ ಕಾಯ್ದೆ ತಿದ್ದಿ, ವಾರಕ್ಕೆ 48 ಗಂಟೆ ಮೀರದಂತೆ ದಿನಕ್ಕೆ 12 ಗಂಟೆವರೆಗೂ ದುಡಿಸಲು ದಾರಿ ಮಾಡಿತು. ಮರುವರ್ಷ ಐಟಿ, ಬಿಪಿಒಗಳಲ್ಲಿ ಹನ್ನೆರಡು ಗಂಟೆಯನ್ನೂ ದಾಟಿಸುವ ಪ್ರಸ್ತಾವ ಬಂತು, ನೌಕರರ ಸಂಘ ಬೀದಿಗಿಳಿಯಿತು. ನಾರಾಯಣಮೂರ್ತಿಯವರು ಯುವಕರು ವಾರಕ್ಕೆ 70 ಗಂಟೆ ದುಡಿಯಬೇಕು ಅಂದಾಗ ನಮ್ಮ ಟೀಮಿನ ಗ್ರೂಪಿನಲ್ಲಿ ಬೈದವರಿಗಿಂತ ನಕ್ಕವರೇ ಜಾಸ್ತಿ. ಲೆಕ್ಕ ಹಾಕಿದರೆ ಇಬ್ಬರದ್ದು ಆಗಲೇ ಅಷ್ಟಾಗಿತ್ತು.

ಈಚೆ ಕಡೆ, ಕೇರಳದಲ್ಲಿ, ಸುದ್ದಿಯಾದ ಜಗಳವೇ ಬೇರೆ. ಕಲ್ಲಿಕೋಟೆಯ ಬಟ್ಟೆ ಅಂಗಡಿಗಳಲ್ಲಿ ದಿನವಿಡೀ ನಿಂತೇ ಇರಬೇಕಾಗಿದ್ದ ಹೆಂಗಸರು ಕೂರುವ ಹಕ್ಕು ಕೇಳಿದರು. ಪಿ. ವಿಜಿ ಎಂಬ ಟೈಲರ್ ಕಟ್ಟಿದ 'ಪೆಣ್‌ಕೂಟ್ಟ್' ಎಂಬ ಹೆಂಗಸರ ಸಂಘ ಅದರ ಮುಂದಿತ್ತು. ಒಂದು ಸ್ಟೂಲು ಕೊಡಿಸಲು ವರ್ಷಗಟ್ಟಲೆ ಹೋರಾಟ! 2018ರಲ್ಲಿ ಕೇರಳ ಅಂಗಡಿ ಕಾಯ್ದೆಯನ್ನು ತಿದ್ದಿ ಅದನ್ನು ಕಾನೂನಾಗಿಸಿತು. ಕಾಸರಗೋಡಿನಲ್ಲಿ ಸೀರೆ ತೆಗೆಯಲು ಹೋದರೆ ನನ್ನ ಕಣ್ಣು ಈಗ ಮೊದಲು ಕೌಂಟರಿನ ಹಿಂದಿನ ಸ್ಟೂಲನ್ನೇ ಹುಡುಕುತ್ತದೆ. ಒಮ್ಮೊಮ್ಮೆ ಅದರ ಮೇಲೆ ಸೀರೆಯ ಅಟ್ಟಿ ಇರುತ್ತದೆ, ಆ ಮಾತು ಬೇರೆ.

ಮೇಸ್ತ್ರಿ ಐದಕ್ಕೆ ಕರಣೆ ತೊಳೆಯುವುದರ ಹಿಂದೆ ಹೀಗೆ ಕೇಳಿ ಪಡೆದ ಚರಿತ್ರೆ ಇದೆ, ಕೂಲಿಯೂ ಇದೆ. ರಿಸರ್ವ್ ಬ್ಯಾಂಕಿನ ಅಂಕಿಅಂಶದಲ್ಲಿ 2022-23ಕ್ಕೆ ಕೇರಳದ ಹಳ್ಳಿಗಳ ಕಟ್ಟಡ ಕೆಲಸಗಾರನ ಸರಾಸರಿ ದಿನಗೂಲಿ 850 ರೂಪಾಯಿ ದಾಟಿತ್ತು. ದೇಶದ ಸರಾಸರಿ 400 ಮುಟ್ಟಿರಲಿಲ್ಲ. ಹೊಟ್ಟೆಗೆ ಸಾಲುವಷ್ಟು ಸಿಕ್ಕಿದವನು ಮಾತ್ರ ಕರಣೆ ತೊಳೆಯಬಲ್ಲ. ಬೆಂಗಳೂರಿನಲ್ಲಿ ನಾನಿದ್ದ ಅಪಾರ್ಟ್‌ಮೆಂಟಿನ ಪಕ್ಕದ ಸೈಟಿನಲ್ಲಿ ರಾಯಚೂರು ಕಡೆಯ ಸಂಸಾರಗಳು ತಗಡಿನ ಶೆಡ್ಡಿನಲ್ಲಿದ್ದವು. ಫೋಕಸ್ ಲೈಟ್ ಹಾಕಿ ರಾತ್ರಿ ಕಾಂಕ್ರೀಟ್ ಸುರಿಯುತ್ತಿದ್ದರು. ಎದುರು ಬಾಲ್ಕನಿಯಲ್ಲಿ ನಾನು ಕಾಲ್‌ನಲ್ಲಿರುತ್ತಿದ್ದೆ.

ಹಾಗಂತ ಈಚೆ ಕಡೆ ಸ್ವರ್ಗ ಅಂದುಕೊಳ್ಳಬೇಡಿ. ಲಾರಿಯಿಂದ ಇಳಿಸದೆ ಬರೀ ನೋಡಿ ನಿಂತದ್ದಕ್ಕೂ ಕೂಲಿ ಕೇಳುವ 'ನೋಕ್ಕುಕೂಲಿ' ಇದೇ ರಾಜ್ಯದ್ದು. 2018ರ ಮೇ 1ರಿಂದ ಸರಕಾರವೇ ಅದನ್ನು ನಿಷೇಧಿಸಬೇಕಾಯಿತು. ನಮ್ಮ ಮೇಸ್ತ್ರಿ ಹೋದ ಮೇಲೂ ರಸ್ತೆಯಾಚೆಯ ಕಟ್ಟಡದಲ್ಲಿ ಬಂಗಾಳದ ಹುಡುಗರು ಕತ್ತಲಾಗುವವರೆಗೆ ಕಲ್ಲು ಹೊರುತ್ತಿದ್ದರು. ಸರಕಾರಿ ಭಾಷೆಯಲ್ಲಿ ಅವರು 'ಅತಿಥಿ' ಕೆಲಸಗಾರರು. ನೆಂಟರನ್ನು ಹಾಗೆ ದುಡಿಸುವ ಮನೆ ನಾನು ಕಂಡಿಲ್ಲ. ಇನ್ನು ಗಲ್ಫ್. ನೆರೆಮನೆಯವರು ಎರಡು ವರ್ಷಕ್ಕೊಮ್ಮೆ ನಲವತ್ತು ದಿನ ಬರುತ್ತಾರೆ. ಮೊದಲ ವಾರ ಮಗಳು ಅವರ ಹತ್ತಿರ ಹೋಗುವುದಿಲ್ಲ, ಸರಿಯಾಗಿ ಹೊಂದಿಕೊಳ್ಳುವ ಹೊತ್ತಿಗೆ ಪೆಟ್ಟಿಗೆ ಕಟ್ಟುವ ದಿನ.

ನನ್ನ ಕಷ್ಟ ಇವರೆದುರು ಸಣ್ಣದು: ಲ್ಯಾಪ್‌ಟಾಪನ್ನು ತೊಳೆದಿಡಲಾಗುವುದಿಲ್ಲ. ಆರರ ಮೇಲೆ ನೋಟಿಫಿಕೇಶನ್ ನಿಲ್ಲಿಸಿ ನೋಡಿದೆ, ಫೋನನ್ನು ಅಕ್ಕಿ ಡಬ್ಬಿಯ ಮೇಲಿಟ್ಟು ನೋಡಿದೆ. ಮೂರು ದಿನ ಬಾಳಿತು. ನನಗೆ ಉಪಕಾರವಾದದ್ದು ಬಾಗಿಲಲ್ಲಿ ಬಂದು ನಿಲ್ಲುವ ಅಮ್ಮನಿಂದ. "ಏನಾ, ಇನ್ನೂ ಆಗಲಿಲ್ವಾ?" ಕ್ಯಾಮೆರಾ ಆನ್ ಇದ್ದರೂ ಅವರಿಗೆ ಲೆಕ್ಕವಿಲ್ಲ. ಬೆಂಗಳೂರಿನ ರೂಮಿನಲ್ಲಿ ಹಾಗೆ ಕೇಳುವ ಜನವೇ ಇರಲಿಲ್ಲ, ಹಾಗಾಗಿ ಸಂಜೆ ಯಾರು ಕೇಳಿದರೆ ಅವರಿಗೆ ಹೋಗುತ್ತಿತ್ತು. ಕೇಳುತ್ತಿದ್ದದ್ದು ಆಫೀಸು ಮಾತ್ರ.

ಅಮ್ಮನಿಗಿಂತ ಗಟ್ಟಿ ಅಡಕೆ. ಮಳೆಗಾಲದ ಮೊದಲು ಒಮ್ಮೆ, ಸುಮಾರು ನಲವತ್ತೈದು ದಿನ ಕಳೆದು ಇನ್ನೊಮ್ಮೆ ಮದ್ದು ಬಿಡದಿದ್ದರೆ ಕೊಳೆರೋಗ ಬಂದು ಎಳೆಕಾಯಿ ಉದುರಿ ಬುಡ ತುಂಬುತ್ತದೆ. ಜುಲೈಯಲ್ಲಿ ಮಳೆ ಬಿಡುವು ಕೊಡುವುದೂ ಮರ ಹತ್ತುವವರು ಸಿಗುವುದೂ ಒಂದೇ ದಿನ ಆಗಬೇಕು, ಅದನ್ನು ಯಾರ ಕ್ಯಾಲೆಂಡರೂ ಮೊದಲೇ ಹೇಳುವುದಿಲ್ಲ. 100 ಲೀಟರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, ಬೇರೆ ಬೇರೆ ಕರಗಿಸಿ ಸೇರಿಸಬೇಕು. ಕಬ್ಬಿಣದ ಕತ್ತಿ ಅದ್ದಿದಾಗ ಅಲಗು ಕೆಂಪಾದರೆ ಇನ್ನಷ್ಟು ಸುಣ್ಣ. ಆ ಹೊತ್ತಿಗೆ ಕೈ ಮೊಣಕೈವರೆಗೆ ನೀಲಿ, ಫೋನ್ ಮುಟ್ಟುವ ಹಾಗಿಲ್ಲ.

ಈ ಸಲ ಬೆಳಿಗ್ಗೆ ಏಳಕ್ಕೆ ಮ್ಯಾನೇಜರಿಗೆ ಫೋನ್ ಮಾಡಿ, "ಇವತ್ತು ಮದ್ದು ಬಿಡುವುದಿದೆ, ರಜೆ ಬೇಕು" ಅಂದೆ. ಮಂಡ್ಯದವರು, ಒಳ್ಳೆಯ ಮನುಷ್ಯ.

"ಅಯ್ಯೋ, ಯಾರಿಗೆ ಹುಷಾರಿಲ್ಲ ಗುರು?"

"ಅಡಕೆಗೆ."

ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ, "ಎಷ್ಟು ಮರ ಐತೆ?" ಅಂತ ಕೇಳಿದರು.