ಲೆದರ್ ರೇಸಿಂಗ್ ಸೂಟ್ ತಗೊಳ್ಳೋ ಪ್ಲಾನ್ ಇರೋರು ಪೂರ್ತಿ ಓದಿ

ಹೋದ ತಿಂಗಳು ಚೆನ್ನೈ ಹತ್ರದ ರೇಸ್ ಟ್ರ್ಯಾಕಲ್ಲಿ ಬೈಕಿಂದ ಬಿದ್ದೆ. ಎದ್ದು ಕೂತು ಮೊದಲು ನೋಡ್ಕೊಂಡಿದ್ದು ಬಲ ಮೊಣಕೈನ. ಸೂಟಿನ ಮೇಲೆ ಬೂದಿ ಬಣ್ಣದ ಗೀರು ಬಿದ್ದಿತ್ತು, ಕೈ ಮಡಚಿದೆ, ಬಿಡಿಸಿದೆ, ಇನ್ನೊಂದ್ಸಲ ಮಡಚಿದೆ, ಏನೂ ನೋವಿಲ್ಲ. ಮೂರು ವರ್ಷದ ಹಿಂದೆ ಕನಕಪುರ ರೋಡಲ್ಲಿ ಜಲ್ಲಿ ಮೇಲೆ ಇದಕ್ಕಿಂತ ಕಮ್ಮಿ ಸ್ಪೀಡಲ್ಲಿ ಬಿದ್ದಾಗ ಎಡ ಮೊಣಕೈ ಮೂಳೆ ಬಿರುಕು ಬಿಟ್ಟು ಆರು ವಾರ ಕೈ ಕಟ್ಕೊಂಡು ಮನೇಲಿ ಕೂತಿದ್ದೆ. ಆವತ್ತೂ ಮೈಮೇಲೆ ಲೆದರ್ ಸೂಟೇ ಇತ್ತು. ಆವತ್ತಿನ ಸೂಟಿಗೂ ಈ ಸೂಟಿಗೂ ಏನು ವ್ಯತ್ಯಾಸ ಅನ್ನೋದನ್ನ ಬರೀಲೇಬೇಕು ಅನ್ನಿಸ್ತು, ಯಾಕಂದ್ರೆ ವಾರಕ್ಕೆ ಇಬ್ಬರು ಮೂವರಾದ್ರೂ ಮೆಸೇಜ್ ಮಾಡಿ ಯಾವ ಸೂಟ್ ತಗೊಳ್ಳಿ ಅಂತ ಕೇಳ್ತಾರೆ, ಎಲ್ಲರೂ ಕೇಳೋದು ಚರ್ಮ ಎಷ್ಟು ದಪ್ಪ, ಬೆಲೆ ಎಷ್ಟು, ಡಿಸೈನ್ ಹೆಂಗಿದೆ ಅಂತ. ಅಳತೆ ಬಗ್ಗೆ ಒಬ್ಬರೂ ಕೇಳಲ್ಲ.

ಆ ಹಳೇ ಸೂಟ್ ನಾನು ಒಂದು ಅಂಗಡೀಲಿ ರೆಡಿಮೇಡ್ ತಗೊಂಡಿದ್ದು. ಹಾಕ್ಕೊಂಡು ಕನ್ನಡಿ ಮುಂದೆ ನಿಂತೆ, ಆರಾಮಾಗಿತ್ತು, ಕೈ ಕಾಲು ಸಲೀಸಾಗಿ ಆಡ್ತಿತ್ತು, ಅಂಗಡಿಯವರೂ ಪರ್ಫೆಕ್ಟ್ ಫಿಟ್ ಸರ್ ಅಂದ್ರು. ಆ ಆರಾಮೇ ನನಗೆ ಮುಳುವಾಯ್ತು. ನಿಂತಾಗ ಆರಾಮಾಗಿರೋ ಸೂಟು ಗಾಡಿ ಮೇಲೆ ಬಗ್ಗಿದಾಗ ತೋಳಲ್ಲಿ ಸಡಿಲ ಆಗುತ್ತೆ. ಬಿದ್ದ ತಕ್ಷಣ ತೋಳು ತಿರುಚ್ಕೊಳ್ತು, ಮೊಣಕೈ ಮೂಳೆ ಮೇಲೆ ಇರಬೇಕಾದ ಆರ್ಮರ್ (ಪೆಟ್ಟು ತಡೆಯೋಕೆ ಸೂಟಲ್ಲಿ ಇಡೋ ಪ್ಯಾಡ್) ಒಳಗಡೆ ಮಡಚೋ ಜಾಗಕ್ಕೆ ಹೋಯ್ತು, ಮೂಳೆ ನೇರವಾಗಿ ರೋಡಿಗೆ ಬಡೀತು. ಭುಜದ ಹತ್ರ ಹೊಲಿಗೆ ಒಂದು ಗೇಣು ಬಿಚ್ಕೊಂಡಿತ್ತು. ಚರ್ಮ ಮಾತ್ರ ಒಂದು ಚೂರೂ ಹರಿದಿರಲಿಲ್ಲ! ಆ ಬಿಚ್ಚಿದ ಹೊಲಿಗೆಯೊಳಗಿಂದ ಭುಜ ಉಜ್ಜಿ ಆದ ಕಲೆ ಈಗಲೂ ಇದೆ.

ಆಸ್ಪತ್ರೆಯಿಂದ ಬಂದಮೇಲೆ ಸೂಟನ್ನ ಒಳಗಿಂದ ಹೊರಗೆ ತಿರುವಿ ಕೂತು ನೋಡಿದೆ. ಸಿಇ ಸರ್ಟಿಫೈಡ್ ಅಂತ ಹೇಳಿ ಮಾರಿದ್ರಲ್ಲ, ಆ ಸಿಇ ಮಾರ್ಕ್ (ಯುರೋಪಿನ ಸುರಕ್ಷತೆ ಗುರುತು) ಇದ್ದಿದ್ದು ಬರೀ ಆರ್ಮರ್ ತುಂಡುಗಳ ಮೇಲೆ. ಇದು ತುಂಬ ಜನಕ್ಕೆ ಗೊತ್ತಿಲ್ಲ, ದಯವಿಟ್ಟು ಗಮನ ಇಟ್ಟು ಓದಿ. ಮೊಣಕೈ, ಮೊಣಕಾಲು, ಭುಜದ ಆರ್ಮರ್‌ಗೆ ಇರೋ ಯುರೋಪಿನ ಸ್ಟ್ಯಾಂಡರ್ಡ್ ಇಎನ್ 1621-1, ಅದು ಪೆಟ್ಟು ಬಿದ್ದಾಗ ಒಳಗೆ ಎಷ್ಟು ಬಲ ದಾಟುತ್ತೆ ಅಂತ ಅಳೆಯುತ್ತೆ, ಲೆವೆಲ್ 1 ಅಂದ್ರೆ ಸರಾಸರಿ 35 ಕಿಲೋನ್ಯೂಟನ್ (ಬಲದ ಅಳತೆ, ಕಮ್ಮಿ ಇದ್ದಷ್ಟೂ ಒಳ್ಳೇದು) ಒಳಗೆ, ಲೆವೆಲ್ 2 ಅಂದ್ರೆ 20ರ ಒಳಗೆ. ಬೆನ್ನಿನ ಪ್ರೊಟೆಕ್ಟರ್‌ಗೆ 1621-2, ಅದರಲ್ಲಿ ಲೆವೆಲ್ 1ಕ್ಕೆ 18, ಲೆವೆಲ್ 2ಕ್ಕೆ 9. ಇವೆರಡೂ ಸೂಟಿನ ಚರ್ಮದ ಬಗ್ಗೆಯಾಗಲಿ ಹೊಲಿಗೆ ಬಗ್ಗೆಯಾಗಲಿ ಒಂದು ಅಕ್ಷರ ಹೇಳಲ್ಲ. ಇಡೀ ಬಟ್ಟೆಗೆ ಬೇರೆ ಸ್ಟ್ಯಾಂಡರ್ಡ್ ಇದೆ, ಇಎನ್ 17092, 2020ರದ್ದು. ಅದರಲ್ಲಿ ತ್ರಿಬಲ್ ಎ, ಡಬಲ್ ಎ, ಎ ಅಂತ ದರ್ಜೆ. ಬಟ್ಟೆ ಉಜ್ಜಿದಾಗ ತಡೆಯುತ್ತಾ, ಹೊಲಿಗೆ ಎಳೆದ್ರೆ ನಿಲ್ಲುತ್ತಾ ಎರಡನ್ನೂ ನೋಡ್ತಾರೆ. ತ್ರಿಬಲ್ ಎ ಸಿಗಬೇಕಂದ್ರೆ ಭುಜ ಮೊಣಕೈ ಥರದ ಮುಖ್ಯ ಜಾಗದ ಸ್ಯಾಂಪಲ್‌ನ ಗಂಟೆಗೆ 120 ಕಿಲೋಮೀಟರ್ ವೇಗಕ್ಕೆ ಸಮನಾಗಿ ತಿರುಗಿಸಿ ಕಾಂಕ್ರೀಟ್ ಮೇಲೆ ಬಿಡ್ತಾರೆ, ತೂತು ಬೀಳಬಾರದು. ಡಬಲ್ ಎ ಆದ್ರೆ 70. ಹಾಗಾಗಿ ಅಂಗಡೀಲಿ ಸಿಇ ಅಂದ ಕೂಡಲೇ ತಲೆ ಆಡಿಸಬೇಡಿ, ಒಳಗಡೆ ಹೊಲಿದಿರೋ ಲೇಬಲ್ ತೋರಿಸಿ, 17092 ಎಲ್ಲಿದೆ ಅಂತ ಕೇಳಿ.

ಹೊಸ ಸೂಟನ್ನ ಅಳತೆ ಕೊಟ್ಟು ಹೊಲಿಸಿದೆ, 46 ಸಾವಿರ ಆಯ್ತು, ಸುಮ್ನೆ ಸುಳ್ಳು ಹೇಳಲ್ಲ, ನನ್ನ ಸಂಬಳಕ್ಕೆ ದೊಡ್ಡ ದುಡ್ಡೇ ಅದು. ಹೊಲಿಯೋ ಅಣ್ಣ ಫೋನಲ್ಲಿ ಹೇಳಿದ ಮೊದಲ ಮಾತೇ "ಸರ್, ಗಾಡಿ ಸಮೇತ ಬನ್ನಿ". ಗಾಡಿ ಮೇಲೆ ಕೂರಿಸಿ, ಎದೆ ಟ್ಯಾಂಕಿಗೆ ತಾಗೋ ಹಂಗೆ ಬಗ್ಗಿಸಿ, ಟೇಪ್ ಹಿಡಿದು ಕತ್ತಿನ ಬುಡದಿಂದ ಬೆನ್ನಮೂಳೆ ಉದ್ದಕ್ಕೂ ಅಳೆದ್ರು, ಆಮೇಲೆ ನಿಲ್ಲಿಸಿ ಅದನ್ನೇ ಅಳೆದ್ರು. ಎರಡಕ್ಕೂ ಎಷ್ಟು ವ್ಯತ್ಯಾಸ ಬಂತು ಗೊತ್ತಾ, 11 ಸೆಂಟಿಮೀಟರ್! ಆ 11 ಸೆಂಟಿಮೀಟರ್ ಎಲ್ಲಿಂದ ಬರುತ್ತೆ ಅನ್ನೋದರಲ್ಲೇ ಇದೆ ರೇಸಿಂಗ್ ಸೂಟಿನ ಕಸುಬು. ಸೊಂಟದ ಮೇಲೆ, ಮೊಣಕಾಲ ಮೇಲೆ ಹಾರ್ಮೋನಿಯಂ ತಿದಿ ಥರ ಮಡಿಕೆ ಮಡಿಕೆ ಚರ್ಮ ಕೊಟ್ಟಿರ್ತಾರೆ, ತೊಡೆ ಸಂದಿ, ತೋಳಿನ ಒಳಗಡೆ, ಮೀನಖಂಡದ ಹಿಂದೆ ಎಳೆದ್ರೆ ಎಳೆಯೋ ಸ್ಟ್ರೆಚ್ ಬಟ್ಟೆ ಇರುತ್ತೆ, ತೋಳು ಮೊದಲೇ ಮಡಚಿದ ಹಂಗೆ ಕತ್ತರಿಸಿರ್ತಾರೆ. ಅದಕ್ಕೇ ಸರಿಯಾದ ಸೂಟ್ ಹಾಕ್ಕೊಂಡು ನೆಟ್ಟಗೆ ನಿಲ್ಲೋಕಾಗಲ್ಲ, ಸ್ವಲ್ಪ ಬೆನ್ನು ಬಗ್ಗಿಸೇ ನಿಲ್ಲಬೇಕು. ನಿಂತಾಗ ಎಳೀತಿದೆ ಅಂದ್ರೆ ಅದು ತಪ್ಪಲ್ಲ, ಬಗ್ಗಿದಾಗ ಎಳೆದ್ರೆ ತಪ್ಪು.

ಚರ್ಮ ದನದ್ದು, 1.3 ಮಿಲಿಮೀಟರ್. ಮೋಟೋಜಿಪಿ, ಅಂದ್ರೆ ಬೈಕ್ ರೇಸಿನ ವಿಶ್ವ ಚಾಂಪಿಯನ್‌ಶಿಪ್‌ನೋರು ಕಾಂಗರೂ ಚರ್ಮ ಹಾಕ್ತಾರೆ, ಅದು ತೆಳ್ಳಗಿದ್ರೂ ಗಟ್ಟಿ, ಹಗುರ, ನಮಗೆ ಅದರ ಅವಶ್ಯಕತೆ ಇಲ್ಲ ಅನ್ನೋದು ನನ್ನ ಅಭಿಪ್ರಾಯ. ಆ ದುಡ್ಡನ್ನ ಲೆವೆಲ್ 2 ಬ್ಯಾಕ್ ಪ್ರೊಟೆಕ್ಟರ್‌ಗೆ, ಒಳ್ಳೆ ಬೂಟಿಗೆ ಹಾಕಿ.

ರೋಡ್ ಟೆಸ್ಟ್ ಮೊದಲು ನಂದಿ ಬೆಟ್ಟದ ಕಡೆ, ಒಂದು ಬುಧವಾರ ಬೆಳಿಗ್ಗೆ. ತಮ್ಮ ಅರ್ಧ ನಿದ್ದೇಲಿ ಎದ್ದು ಬಂದು ಭುಜದ ಹತ್ರ ಎಳೆದು ಎಳೆದು ಜಿಪ್ ಹಾಕಿಕೊಟ್ಟ, ಹೊಸ ಚರ್ಮ ಅಷ್ಟು ಬಿಗಿ. ಒಳಗೆ ತೆಳ್ಳನೆ ಇನ್ನರ್ ಹಾಕದೇ ಇದನ್ನ ಹಾಕೋಕೇ ಹೋಗಬೇಡಿ, ಬೆವರಿಗೆ ಲೈನಿಂಗ್ ಮೈಗೆ ಅಂಟ್ಕೊಂಡ್ರೆ ಬಿಚ್ಚೋದು ದೊಡ್ಡ ಯುದ್ಧ. ಎದೆ ಮೇಲೆ ಸಣ್ಣ ಸಣ್ಣ ತೂತು ಇರೋದ್ರಿಂದ ದೇವನಹಳ್ಳಿ ದಾಟೋ ಹೊತ್ತಿಗೆ ಚಳಿಗೆ ಹಲ್ಲು ಕಟಕಟ ಅಂತಿತ್ತು. ವಾಪಸ್ ಬರುವಾಗ ಹೆಬ್ಬಾಳದ ಟ್ರಾಫಿಕಲ್ಲಿ ಅದೇ ಸೂಟು ಇಡ್ಲಿ ಪಾತ್ರೆ ಆಯ್ತು. ಗಾಳಿ ಹರೀತಿದ್ರೆ ತೂತು ಕೆಲಸ ಮಾಡುತ್ತೆ, ಗಾಡಿ ನಿಂತ್ರೆ ಬೆವರು ಬೆನ್ನಲ್ಲಿ ಇಳಿಯೋದು ಲೆಕ್ಕ ಹಾಕಬಹುದು. ಹಂಗಾಗಿ ದಿನಾ ಆಫೀಸಿಗೆ ಹೋಗೋಕೆ, ಊರೊಳಗೆ ಓಡಾಡೋಕೆ ಒನ್ ಪೀಸ್ ರೇಸಿಂಗ್ ಸೂಟ್ ತಗೊಳ್ತೀನಿ ಅನ್ನೋರಿಗೆ ನಾನು ಬೇಡ ಅಂತಲೇ ಹೇಳೋದು. ಸೆಕೆಗೆ ತಲೆ ಸುತ್ತಿದ್ರೆ ಅದೂ ಅಪಾಯನೇ. ಊರೊಳಗೆ ಮೆಶ್ ಜಾಕೆಟ್, ಮೊಣಕಾಲ ಗಾರ್ಡ್ ಹಾಕ್ಕೊಳ್ಳಿ, ಆದ್ರೆ ದಿನಾ ಹಾಕ್ಕೊಳ್ಳಿ.

ಎರಡನೇ ಟೆಸ್ಟು ಚೆನ್ನೈ ದಾರಿ. ಟೆಂಪೋದಲ್ಲಿ ಗಾಡಿ ಹಾಕಿ ಕಳಿಸಬಹುದಿತ್ತು, ಬೇಕಂತಲೇ ಓಡಿಸ್ಕೊಂಡು ಹೋದೆ, ಹೊಸೂರು, ಕೃಷ್ಣಗಿರಿ, ವಾಣಿಯಂಬಾಡಿ, ಆಂಬೂರು, ವೆಲ್ಲೂರು, ರಾಣಿಪೇಟೆ, ಸುಮಾರು 300 ಕಿಲೋಮೀಟರ್. ಇನ್ನೂರು ದಾಟಿದ ಮೇಲೆ ಸೂಟ್ ತಾನೇ ಮಾತಾಡೋಕೆ ಶುರು ಮಾಡುತ್ತೆ: ಎಡ ಕಂಕುಳಲ್ಲಿ ಒಂದು ಹೊಲಿಗೆ ಚುಚ್ಚೋಕೆ ಶುರುವಾಯ್ತು, ಬಲ ಮೊಣಕಾಲ ಹಿಂದೆ ಮಡಿಕೆ ಕಚ್ತಾ ಇತ್ತು. ಹತ್ತು ನಿಮಿಷ ಹಾಕ್ಕೊಂಡು ನೋಡಿದ್ರೆ ಇವು ಯಾವುದೂ ಗೊತ್ತಾಗಲ್ಲ. ಬಾಕ್ಸ್ ಓಪನ್ ಮಾಡಿ, ಎರಡು ಫೋಟೋ ಹೊಡೆದು, ಸೂಪರ್ ಕ್ವಾಲಿಟಿ ಅಂತ ರಿವ್ಯೂ ಹಾಕೋರ ಮೇಲೆ ನನಗೆ ನಿಜವಾಗ್ಲೂ ಸಿಟ್ಟು ಬರುತ್ತೆ, ಅದನ್ನ ನಂಬಿ ದುಡ್ಡು ಹಾಕೋ ಹುಡುಗರು ಇರ್ತಾರೆ.

ಆಂಬೂರು, ರಾಣಿಪೇಟೆ ಎಲ್ಲಾ ಚರ್ಮ ಹದ ಮಾಡೋ ಊರುಗಳು. ಮೈಮೇಲೆ ಚರ್ಮ ಹೊತ್ಕೊಂಡು ಆ ಊರು ದಾಟುವಾಗ ಮನಸ್ಸಿಗೆ ಏನೋ ಒಂಥರಾ ಆಯ್ತು. ಪಾಲಾರ್ ನದಿ ಹುಟ್ಟೋದು ನಮ್ಮ ನಂದಿ ಬೆಟ್ಟದ ಕಡೆ, ಹಿಂದಿನ ವಾರ ನಾನು ಸೂಟ್ ಟೆಸ್ಟ್ ಮಾಡಿದ ಬೆಟ್ಟನೇ ಅದು. ಅದೇ ನದಿ ಈ ಕಡೆ ಬಂದು ಟ್ಯಾನರಿ ನೀರಿಂದ ಕೆಟ್ಟುಹೋಯ್ತು, ವಿಷಯ ಸುಪ್ರೀಂ ಕೋರ್ಟಿಗೆ ಹೋಗಿ 1996ರಲ್ಲಿ ಮಾಲಿನ್ಯ ಮಾಡಿದವರೇ ದಂಡ ಕಟ್ಟಬೇಕು ಅಂತ ತೀರ್ಪು ಬಂತು. ಚರ್ಮಕ್ಕೆ ಬದಲಿ ಇನ್ನೂ ನನಗೆ ಸಿಕ್ಕಿಲ್ಲ, ಟ್ರ್ಯಾಕಲ್ಲಿ ಜಾರಿದಾಗ ಅದರಷ್ಟು ತಡೆಯೋದು ಬೇರೇನೂ ನಾನು ನೋಡಿಲ್ಲ. ಆದ್ರೆ ವರ್ಷಕ್ಕೊಂದು ಬಣ್ಣದ ಸೂಟ್ ಬದಲಾಯಿಸೋದು ತಪ್ಪು ಅನ್ನಿಸುತ್ತೆ, ಒಂದು ತಗೊಂಡ್ರೆ ಹತ್ತು ವರ್ಷ ಕಾಪಾಡ್ಕೊಬೇಕು. ಮಳೆಗಾಲದಲ್ಲಿ ಬೀರುವಲ್ಲಿ ಮಡಚಿಟ್ರೆ ಬೂಷ್ಟು ಹಿಡಿಯುತ್ತೆ, ದಪ್ಪ ಹ್ಯಾಂಗರಿಗೆ ಹಾಕಿ ಗಾಳಿ ಆಡೋ ಕಡೆ ನೇತುಹಾಕಿ. ಬಿಸಿಲಿಗೆ ಮಾತ್ರ ಒಣಹಾಕಬೇಡಿ. ಅಮ್ಮ ಪಾಪ ಒಳ್ಳೇದಕ್ಕೇ ಅಂತ ಹಳೇದನ್ನ ಒಂದಿನ ತಾರಸಿ ಮೇಲೆ ಹಾಕಿದ್ರು, ಸಂಜೆಗೆ ತೋಳು ಹಪ್ಪಳ ಆಗಿತ್ತು.

ಟ್ರ್ಯಾಕ್ ಅಂದ್ರೆ ಇರುಂಗಾಟ್ಟುಕೋಟ್ಟೈ, ಶ್ರೀಪೆರಂಬದೂರಿನ ಹತ್ರ, 1990ರಲ್ಲಿ ಶುರುವಾಗಿದ್ದು, 3.7 ಕಿಲೋಮೀಟರ್, 12 ತಿರುವು. ಬೆಂಗಳೂರಲ್ಲಿ ಇಷ್ಟು ಜನ ಬೈಕ್ ಹುಚ್ಚರಿದ್ದೀವಿ, ಬಗ್ಗಿಸಿ ಓಡಿಸೋಕೆ ಒಂದು ಸರಿಯಾದ ಟ್ರ್ಯಾಕ್ ಬೇಕು ಅಂದ್ರೆ ಇಲ್ಲಿಗೋ ಕೊಯಮತ್ತೂರಿನ ಕರಿ ಸ್ಪೀಡ್‌ವೇಗೋ ಹೋಗಬೇಕು, ಆ ನೋವು ಇನ್ನೊಂದಿನ ಬರೀತೀನಿ.

ಅಲ್ಲಿ ಹತ್ತು ಗಂಟೆಗೇ ಬಿಸಿಲು ಸುಡ್ತಿತ್ತು. 2023ರ ಸೆಪ್ಟೆಂಬರಲ್ಲಿ ದೆಹಲಿ ಹತ್ರದ ಬುದ್ಧ್ ಸರ್ಕ್ಯೂಟಲ್ಲಿ ಮೋಟೋಜಿಪಿ ನಡೆದಾಗ ಸೆಕೆಗೆ ಹೆದರಿ 24 ಲ್ಯಾಪ್ ರೇಸನ್ನ 21ಕ್ಕೆ ಇಳಿಸಿದ್ರು, ಅಂಥಾ ಫಿಟ್‌ನೆಸ್ ಇರೋರಿಗೇ ಹಂಗೆ, ನಮ್ಮ ಪಾಡೇನು. ಪ್ರತಿ ಸೆಷನ್ ಮುಗಿದ ಕೂಡಲೇ ಜಿಪ್ ಸೊಂಟದವರೆಗೆ ಇಳಿಸಿ ಫ್ಯಾನ್ ಮುಂದೆ ಕೂತು ಓಆರ್‌ಎಸ್ ಕುಡಿದೆ. ಇನ್ನೊಂದು, ಮತ್ತೆ ಹೊರಡುವಾಗ ಜಿಪ್ ಪೂರ್ತಿ ಮೇಲಕ್ಕೆ ಎಳೆದು ಕತ್ತಿನ ಫ್ಲ್ಯಾಪ್ ಅಂಟಿಸಿದ್ದೀನಾ ಅಂತ ಕೈಯಲ್ಲಿ ಮುಟ್ಟಿ ನೋಡ್ಕೊಳ್ತೀನಿ. 2021ರ ಕ್ಯಾಟಲೂನ್ಯಾ (ಸ್ಪೇನ್) ರೇಸಲ್ಲಿ ಮೋಟೋಜಿಪಿ ರೈಡರ್ ಫಾಬಿಯೋ ಕ್ವಾರ್ಟರಾರೋ ಸೂಟಿನ ಜಿಪ್ ಬಿಚ್ಕೊಂಡು ಎದೆ ತೆರೆದುಕೊಂಡೇ ಓಡಿಸಿದ್ದು ನೆನಪಿದೆಯಲ್ಲ, ಅದಕ್ಕೆ 3 ಸೆಕೆಂಡ್ ಪೆನಾಲ್ಟಿನೂ ಬಿತ್ತು. ಅಷ್ಟು ದೊಡ್ಡ ಮಟ್ಟದಲ್ಲೇ ಹಂಗಾಗುತ್ತೆ ಅಂದ್ರೆ ನಾವು ಎಷ್ಟು ಹುಷಾರಾಗಿರಬೇಕು.

ಟ್ರ್ಯಾಕ್ ಮೇಲೆ ಈ ಸೂಟು ಬೇರೇನೇ ಸೂಟ್ ಆಗೋಯ್ತು. ರೋಡಲ್ಲಿ ಕಚ್ತಿದ್ದ ಮಡಿಕೆ ಮರೆತೇಹೋಯ್ತು, ಕಾಲು ಹೊರಗೆ ಹಾಕಿ ಗಾಡಿ ಮಲಗಿಸಿದಾಗ ಸೊಂಟದ ಮಡಿಕೆ ಬಿಚ್ಕೊಂಡು ಮೈ ಜೊತೆ ಬಂತು. ಮೊಣಕಾಲ ಸ್ಲೈಡರ್ (ರೋಡಿಗೆ ತಾಗಲಿ ಅಂತಲೇ ಸೂಟಿನ ಹೊರಗೆ ಅಂಟಿಸೋ ಗಟ್ಟಿ ತುಂಡು) ಮೊದಲ ಸಲ ಡಾಂಬರಿಗೆ ತಾಗಿ ಚರ್ರ್ ಅಂದಾಗ ಹೆಲ್ಮೆಟ್ ಒಳಗೆ ಕೂಗಿಬಿಟ್ಟೆ. ಒಂದು ಕೊರತೆ ಸಿಕ್ತು: ಗಾಳಿ ಸಲೀಸಾಗಿ ಹರೀಲಿ ಅಂತ ಸೂಟಿನ ಬೆನ್ನ ಮೇಲೆ ಕೊಟ್ಟಿರೋ ಗೂನು ಒಂದು ಬೆರಳು ಜಾಸ್ತಿ ಎತ್ತರ ಇದೆ, ಪೂರ್ತಿ ಮಲಗಿ ತಲೆ ಎತ್ತಿದ್ರೆ ಹೆಲ್ಮೆಟ್ ತಾಗುತ್ತೆ. ಹೊಲಿದ ಅಣ್ಣಂಗೆ ಹೇಳಿದ್ದೀನಿ, ತೆಗೆದು ಮತ್ತೆ ಕೂರಿಸಿಕೊಡ್ತೀನಿ ಅಂದಿದ್ದಾರೆ.

ಬಿದ್ದಿದ್ದು ಮೂರನೇ ಸೆಷನ್, ಒಂದು ಬಲ ತಿರುವಲ್ಲಿ, ಸ್ಪೀಡ್ ಎಂಬತ್ತು ತೊಂಬತ್ತರ ಮಧ್ಯೆ ಇದ್ದಿರಬೇಕು. ತಪ್ಪು ನಂದೇ, ಮಲಗಿಸಿದ ಮೇಲೂ ಮುಂದಿನ ಬ್ರೇಕ್ ಬಿಟ್ಟಿರಲಿಲ್ಲ. ಮುಂದಿನ ಚಕ್ರ ಮಡಚ್ಕೊಳ್ತು, ಗಾಡಿ ಕೈಬಿಟ್ಟು ಹೋಯ್ತು, ಸೊಂಟ, ಮೊಣಕೈ, ಭುಜದ ಮೇಲೆ ಜಾರ್ತಾ ಇದ್ದೀನಿ. ಬಲಗಡೆ ಸೊಂಟ ಬೆಚ್ಚಗಾಯ್ತು, ಆಮೇಲೆ ಬಿಸಿ ಆಯ್ತು, ಅಷ್ಟರಲ್ಲಿ ಹುಲ್ಲು ಬಂತು.

ರಾತ್ರಿ ಲಾಡ್ಜಲ್ಲಿ ಹಾಸಿಗೆ ಮೇಲೆ ಸೂಟ್ ಹರಡಿ ಟಾರ್ಚ್ ಹಾಕಿ ಒಂದೊಂದೇ ಹೊಲಿಗೆ ನೋಡಿದೆ. ಸೊಂಟದ ಹತ್ರ ಅಂಗೈಯಗಲ ಬಣ್ಣ ಹೋಗಿ ಚರ್ಮ ನಾರುನಾರಾಗಿತ್ತು. ಹೊರಗಡೆ ಕಾಣೋ ಹೊಲಿಗೆ ಎರಡು ಕಡೆ ಸವೆದು ದಾರ ಎದ್ದಿತ್ತು, ಆದ್ರೆ ಅದರ ಕೆಳಗೆ ಒಳಮಗ್ಗುಲಲ್ಲಿ ಇನ್ನೊಂದು ಸಾಲು ಹೊಲಿಗೆ ಇದೆ, ಅದು ರೋಡಿಗೆ ತಾಗೋದೇ ಇಲ್ಲ, ಅದು ಹಂಗೇ ಇತ್ತು. ಹಳೇ ಸೂಟಲ್ಲಿ ಭುಜಕ್ಕೆ ಇದ್ದಿದ್ದು ಒಂದೇ ಸಾಲು, ಹೊರಗಡೆದು. ಮೊಣಕೈ ಗೀರು ಎಲ್ಲಿದೆಯೋ ಸರಿಯಾಗಿ ಅದರ ಕೆಳಗೇ ಆರ್ಮರ್ ಇತ್ತು, ಒಂದು ಬೆರಳೂ ಆಚೀಚೆ ಸರಿದಿರಲಿಲ್ಲ. ಕೈಯಿಟ್ಟು ಸುಮಾರು ಹೊತ್ತು ಕೂತಿದ್ದೆ.

ಟ್ರ್ಯಾಕ್ ಡೇ (ನಮ್ಮಂಥವರು ನಮ್ಮ ಗಾಡೀನೇ ಟ್ರ್ಯಾಕಲ್ಲಿ ಓಡಿಸೋ ದಿನ) ನಡೆಸೋರಿಗೆ ಒಂದು ಕೋರಿಕೆ. ಬೆಳಿಗ್ಗೆ ಚೆಕಿಂಗ್ ಮಾಡುವಾಗ ಸೂಟ್ ಇದೆಯಾ ಅಂತ ಮಾತ್ರ ನೋಡ್ತೀರಿ, ಜಾಕೆಟ್ ಪ್ಯಾಂಟ್ ಬೇರೆ ಬೇರೆ ಇರೋ ಟೂ ಪೀಸ್ ಆದ್ರೆ ಎರಡನ್ನೂ ಸೇರಿಸೋ ಜಿಪ್ ಸೇರುತ್ತಾ ಅಂತ ನೋಡ್ತೀರಿ. ಅದರ ಜೊತೆ ಅರ್ಧ ನಿಮಿಷ ಅವರ ಮೊಣಕೈ ಆರ್ಮರ್ ಹಿಡಿದು ತಿರುಗಿಸಿ ನೋಡಿ. ಸುತ್ತ ತಿರುಗಿದ್ರೆ ಆ ಸೂಟು ಇದ್ದೂ ಇಲ್ಲದಂಗೆ.

ಅವತ್ತು ನನ್ನ ಪಕ್ಕದ ಪಿಟ್ಟಲ್ಲಿ ತುಮಕೂರಿನ ಹುಡುಗ ಒಬ್ಬ ಇದ್ದ, ಬಾಡಿಗೆ ಸೂಟು, ತೋಳು ಬೆರಳ ತನಕ ಬರ್ತಿತ್ತು. ನಾನು ಹೊಸದು ಹೊಲಿಸಿದ್ದು ಕೇಳಿ "ಅಣ್ಣಾ, ಹಳೇದು ಕೊಡ್ತೀರಾ, ಎಷ್ಟಾದ್ರೂ ಪರವಾಗಿಲ್ಲ" ಅಂದ. ಕೊಡಲ್ಲಪ್ಪ ಅಂದೆ. ಅವನ ಮುಖ ಸಣ್ಣಗಾಯ್ತು, ಜುಗ್ಗ ಅಂದ್ಕೊಂಡ್ನೇನೋ. ಬಾ ಇಲ್ಲಿ ಅಂತ ಅವನ ಗಾಡಿ ಮೇಲೇ ಕೂರಿಸಿ, ಟ್ಯಾಂಕಿಗೆ ಎದೆ ತಾಗಿಸು ಅಂತ ಹೇಳಿ, ಮೆಕ್ಯಾನಿಕ್ ಹತ್ರ ಟೇಪ್ ಇಸ್ಕೊಂಡು ಕತ್ತಿಂದ ಸೊಂಟದವರೆಗೆ, ಭುಜದಿಂದ ಮಣಿಕಟ್ಟಿನವರೆಗೆ ಅಳೆದು ಅವನ ಫೋನಲ್ಲೇ ಬರೆದುಕೊಟ್ಟೆ. ನಿಂತು ಅಳೆದಿದ್ದಕ್ಕೂ ಇದಕ್ಕೂ ಅವನಿಗೆ 9 ಸೆಂಟಿಮೀಟರ್ ವ್ಯತ್ಯಾಸ ಬಂತು. ಯಾರಿಗಾದ್ರೂ ಅಳತೆ ತಗೊಳ್ಳೋದು ಗೊತ್ತಾಗ್ಲಿಲ್ಲ ಅಂದ್ರೆ ಭಾನುವಾರ ಗಾಡಿ ಸಮೇತ ಮನೆ ಹತ್ರ ಬನ್ನಿ, ನಾನೇ ಅಳೆದು ಕೊಡ್ತೀನಿ.